ಊರಿಗೆ ಎಳೆದೊಯ್ದ ಡೀಸೆಲ್ ಎಂಜಿನ್‌ಗಳು: ಕಾತ್ರಜದ ಕನ್ನಡಿಗರು ನೋಡಿ ಗುರುತಿಸಬೇಕಾದ ಚರಿತ್ರೆ

ಪುಣೆ: ಕಾತ್ರಜದಲ್ಲಿ ರೈಲು ನಿಲ್ದಾಣವಿಲ್ಲ. ಇಲ್ಲಿನವರಿಗೆ ಪರಿಚಿತವಾದದ್ದು ಘಾಟಿ ಹತ್ತುವ ಲಾರಿಗಳ ಸದ್ದು, ಹಾಲಿನ ಡೇರಿ, ಪ್ರಾಣಿ ಸಂಗ್ರಹಾಲಯ ಮತ್ತು ಸಂಜೆಯಾಗುತ್ತಲೇ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಕಡೆಗೆ ಜನರನ್ನು ಹತ್ತಿಸಿಕೊಂಡು ಹೋಗುವ ಬಸ್ಸುಗಳು. ಆದರೂ ಕಾತ್ರಜ, ಧನಕವಡಿ, ಬಿಬ್ವೇವಾಡಿ, ಕೊಂಢವಾ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರ ಹಿರಿಯ ತಲೆಮಾರಿನಲ್ಲಿ ರೈಲಿನ ನೆನಪಿಲ್ಲದ ಮನೆ ಸಿಗುವುದು ಕಷ್ಟ. ಮಕ್ಕಳ ಬೇಸಗೆ ರಜೆ, ಮನೆದೇವರ ಜಾತ್ರೆ, ತಂಗಿಯ ಮದುವೆ, ತಂದೆಯ ಅನಾರೋಗ್ಯದ ತಂತಿ, ಹೀಗೆ ಯಾವ ಕಾರಣಕ್ಕೇ ಊರಿಗೆ ಹೊರಟರೂ ಪುಣೆ ಸ್ಟೇಷನ್ನಿನಿಂದ ಮುಂದಕ್ಕೆ ಎಳೆದೊಯ್ಯುತ್ತಿದ್ದುದು ಡೀಸೆಲ್ ಎಂಜಿನ್. ಆ ಎಂಜಿನ್‌ಗಳ ಕಾಲ ಈಗ ಮುಗಿಯುತ್ತಾ ಬಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಪುಣೆ-ಹುಬ್ಬಳ್ಳಿ ವಂದೇ ಭಾರತ್ ರೈಲು ಆರಂಭವಾದಾಗ ಮಿರಜ್, ಬೆಳಗಾವಿ, ಧಾರವಾಡದ ಮಾರ್ಗವಿಡೀ ವಿದ್ಯುತ್ ತಂತಿಯಡಿ ಬಂದಿತ್ತು. ಹಳಿಯ ಮೇಲೆ ಇನ್ನೂ ಉಳಿದಿರುವ ಡೀಸೆಲ್ ಎಂಜಿನ್‌ಗಳನ್ನು ನೋಡಿ, ಗುರುತಿಸಿ, ಬರೆದಿಡುವುದಕ್ಕೆ ಉಳಿದಿರುವ ಸಮಯ ಹೆಚ್ಚಿಲ್ಲ.

ಮಿರಜ್‌ನಲ್ಲಿ ಗಾಡಿ ಬದಲು

ಪುಣೆ ಮತ್ತು ಕರ್ನಾಟಕದ ನಡುವಿನ ರೈಲು ಸಂಬಂಧ ಇಂದು ನಿನ್ನೆಯದಲ್ಲ. ಧಾರವಾಡದಲ್ಲಿ ಮುಖ್ಯ ಕಚೇರಿ ಹೊಂದಿದ್ದ ಸದರ್ನ್ ಮರಾಠಾ ರೈಲ್ವೆ ಕಂಪೆನಿಯು 1890ರ ಹೊತ್ತಿಗೆ ಪುಣೆಯಿಂದ ಲೋಂಡಾಕ್ಕೆ ಮೀಟರ್‌ಗೇಜ್ ಹಳಿ ಹಾಕಿ ಮುಗಿಸಿತ್ತು. 1971ರ ಹೊತ್ತಿಗೆ ಪುಣೆ-ಮಿರಜ್-ಕೊಲ್ಹಾಪುರ ಮಾರ್ಗ ಬ್ರಾಡ್‌ಗೇಜ್ ಆಯಿತು. ಆದರೆ ಮಿರಜ್‌ನಿಂದ ಮುಂದೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿಗೆ ಹಳೆಯ ಮೀಟರ್‌ಗೇಜೇ ಉಳಿಯಿತು. ಹೀಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಊರಿಗೆ ಹೋಗುವವರು ಮಿರಜ್‌ನಲ್ಲಿ ಟ್ರಂಕು, ಹಾಸಿಗೆ, ಮಕ್ಕಳು ಮರಿಗಳನ್ನೆಲ್ಲ ಇಳಿಸಿ ಮತ್ತೊಂದು ಗಾಡಿ ಹತ್ತಬೇಕಿತ್ತು. ದೊಡ್ಡ ಹಳಿಯ ದೊಡ್ಡ ಎಂಜಿನ್ ಬಿಟ್ಟು ಸಣ್ಣ ಹಳಿಯ ಸಣ್ಣ ಎಂಜಿನ್‌ನ ಹಿಂದೆ ಕುಳಿತಾಗ ಅರ್ಧ ಊರು ಸೇರಿದಂತೆ ಅನಿಸುತ್ತಿತ್ತು ಎಂದು ಹಿರಿಯರು ಇಂದಿಗೂ ಹೇಳುವುದುಂಟು.

ಆ ಸಣ್ಣ ಎಂಜಿನ್‌ನ ಹೆಸರು ವೈಡಿಎಂ-4. ಅಮೆರಿಕದ ಆಲ್ಕೋ ಕಂಪೆನಿಯ ವಿನ್ಯಾಸ. ಆರು ಸಿಲಿಂಡರ್, ಸುಮಾರು 1350 ಅಶ್ವಶಕ್ತಿ. ಉಗಿ ಎಂಜಿನ್‌ಗಳ ಕಾಲ ಮುಗಿಯುತ್ತಿದ್ದಂತೆ ದೇಶದ ಮೀಟರ್‌ಗೇಜ್ ಮಾರ್ಗಗಳ ಭಾರವನ್ನು ಹೊತ್ತದ್ದು ಮುಖ್ಯವಾಗಿ ಇದೇ ಎಂಜಿನ್. ತೊಂಬತ್ತರ ದಶಕದಲ್ಲಿ ಮಿರಜ್-ಲೋಂಡಾ-ಹುಬ್ಬಳ್ಳಿ-ಬೆಂಗಳೂರು ಮಾರ್ಗವೂ ಬ್ರಾಡ್‌ಗೇಜ್ ಆದ ಮೇಲೆ ಗಾಡಿ ಬದಲಿಸುವ ಕಷ್ಟ ತಪ್ಪಿತು. ಶರಾವತಿ, ಚಾಲುಕ್ಯ ಹೆಸರಿನ ಎಕ್ಸ್‌ಪ್ರೆಸ್‌ಗಳು ದಾದರ್‌ನಿಂದ ಹೊರಟು ಪುಣೆಯ ಮೂಲಕ ನೇರವಾಗಿ ಕರ್ನಾಟಕಕ್ಕೆ ಹೋಗುವಂತಾಯಿತು. ಮೀಟರ್‌ಗೇಜ್ ಕಾಲದಿಂದ ಓಡುತ್ತಿದ್ದ ಮಿರಜ್-ಬೆಂಗಳೂರು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಕೂಡ ದೊಡ್ಡ ಹಳಿಗೆ ಬಂತು.

ಪುಣೆಯಲ್ಲಿ ಎಂಜಿನ್ ಬದಲು

ಮುಂಬಯಿ-ಪುಣೆ ಮಾರ್ಗಕ್ಕೆ 1930ರ ಹೊತ್ತಿಗೇ ವಿದ್ಯುತ್ ಬಂದಿತ್ತು. ಆದರೆ ವಿದ್ಯುತ್ ತಂತಿ ಪುಣೆಗೇ ನಿಂತಿತು. ಅಲ್ಲಿಂದ ಸೊಲ್ಲಾಪುರದ ಕಡೆಗಾಗಲಿ ಮಿರಜ್ ಕಡೆಗಾಗಲಿ ಹೋಗಬೇಕಾದರೆ ಮೊದಲು ಉಗಿ, ನಂತರ ಡೀಸೆಲ್. ಆದುದರಿಂದ ಮುಂಬಯಿಯಿಂದ ಬಂದ ಬಹುಪಾಲು ಗಾಡಿಗಳಿಗೆ ಪುಣೆಯಲ್ಲಿ ಎಂಜಿನ್ ಬದಲಾಯಿಸುವ ಕೆಲಸ ದಶಕಗಳ ಕಾಲ ನಡೆಯಿತು. ವಿದ್ಯುತ್ ಎಂಜಿನ್ ಕಳಚಿ ಮುಂದೆ ಹೋಗುವುದು, ಡೀಸೆಲ್ ಎಂಜಿನ್ ನಿಧಾನವಾಗಿ ಬಂದು ತಾಗುವುದು, ಇಡೀ ಗಾಡಿ ಒಮ್ಮೆ ಅಲುಗುವುದು, ಬ್ರೇಕಿನ ಗಾಳಿ ತುಂಬುವವರೆಗೆ ಕಾಯುವುದು, ಇಷ್ಟಾಗುವಷ್ಟರಲ್ಲಿ ಪ್ರಯಾಣಿಕರ ಚಹಾ, ವಡಾಪಾವ್ ಮುಗಿಯುತ್ತಿತ್ತು. ಎಂಜಿನ್ ನೋಡುವ ಹವ್ಯಾಸ ಹಲವರಿಗೆ ಹತ್ತಿದ್ದೇ ಈ ಬಿಡುವಿನಲ್ಲಿ.

ಪುಣೆಯ ಡೀಸೆಲ್ ಎಂಜಿನ್‌ಗಳ ಮನೆ ಘೋರ್ಪಡಿಯಲ್ಲಿದೆ. ಪ್ರತಿಯೊಂದು ಎಂಜಿನ್‌ಗೂ ಒಂದು ಶೆಡ್ಡು ತವರುಮನೆ ಇದ್ದಂತೆ. ಎಲ್ಲಿಗೇ ಹೋಗಲಿ, ನಿಗದಿತ ದಿನಕ್ಕೆ ತಪಾಸಣೆಗೆ ಅಲ್ಲಿಗೇ ಮರಳಬೇಕು. ಶೆಡ್ಡಿನ ಹೆಸರನ್ನು ಅಥವಾ ಅದರ ಗುರುತಿನ ಅಕ್ಷರಗಳನ್ನು ಎಂಜಿನ್ನಿನ ಮೈಮೇಲೆ ಬರೆದಿರುತ್ತಾರೆ. ಯುಬಿಎಲ್ ಎಂದಿದ್ದರೆ ಹುಬ್ಬಳ್ಳಿ, ಕೆಜೆಎಂ ಎಂದಿದ್ದರೆ ಬೆಂಗಳೂರಿನ ಕೃಷ್ಣರಾಜಪುರಂ, ಕೆವೈಎನ್ ಎಂದಿದ್ದರೆ ಕಲ್ಯಾಣ್, ಜಿವೈ ಎಂದಿದ್ದರೆ ಆಂಧ್ರದ ಗುತ್ತಿ. ಪುಣೆ ಸ್ಟೇಷನ್ನಿನಲ್ಲಿ ನಿಂತು ಯುಬಿಎಲ್ ಎಂಬ ಮೂರಕ್ಷರ ಕಂಡಾಗ ಊರಿನ ನೆಂಟರೊಬ್ಬರು ಎದುರಾದಷ್ಟೇ ಸಂತೋಷವಾಗುವ ಹುಬ್ಬಳ್ಳಿ-ಧಾರವಾಡದ ಮಂದಿ ಇಲ್ಲಿ ಕಡಿಮೆಯಿಲ್ಲ.

ಅಕ್ಷರಗಳ ಒಗಟು

ಎಂಜಿನ್ ಮೇಲಿನ ಅಕ್ಷರಗಳನ್ನು ಓದುವುದು ಬ್ಯಾಂಕಿನ ಖಾತೆ ಸಂಖ್ಯೆ ಓದಿದಷ್ಟೇ ಸುಲಭ. ಮೊದಲ ಅಕ್ಷರ ಹಳಿಯ ಅಗಲವನ್ನು ಹೇಳುತ್ತದೆ. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ವೈ ಎಂದರೆ ಮೀಟರ್‌ಗೇಜ್, ಝಡ್ ಎಂದರೆ ನ್ಯಾರೋಗೇಜ್. ಎರಡನೆಯದು ಇಂಧನ. ಡಿ ಎಂದರೆ ಡೀಸೆಲ್, ಎ ಎಂದರೆ ಎಸಿ ವಿದ್ಯುತ್, ಸಿ ಎಂದರೆ ಡಿಸಿ ವಿದ್ಯುತ್. ಮೂರನೆಯದು ಕೆಲಸ. ಪಿ ಪ್ರಯಾಣಿಕರ ಗಾಡಿಗೆ, ಜಿ ಗೂಡ್ಸ್‌ಗೆ, ಎಂ ಎರಡಕ್ಕೂ, ಎಸ್ ಯಾರ್ಡಿನಲ್ಲಿ ಡಬ್ಬಿ ಜೋಡಿಸುವ ಶಂಟಿಂಗ್‌ಗೆ. ಕೊನೆಯ ಅಂಕಿ ಹಳೆಯ ಎಂಜಿನ್‌ಗಳಲ್ಲಿ ಮಾದರಿಯ ಕ್ರಮಸಂಖ್ಯೆ ಮಾತ್ರ. ಹೊಸ ಕ್ರಮದಲ್ಲಿ ಅದು ಸಾವಿರದ ಲೆಕ್ಕದಲ್ಲಿ ಅಶ್ವಶಕ್ತಿಯನ್ನು ಸೂಚಿಸುತ್ತದೆ, ಮುಂದಿನ ಅಕ್ಷರ ನೂರರ ಲೆಕ್ಕ. ಡಬ್ಲ್ಯುಡಿಎಂ-3ಎ ಎಂದರೆ 3100 ಅಶ್ವಶಕ್ತಿಯ, ಎರಡೂ ಕೆಲಸದ, ಬ್ರಾಡ್‌ಗೇಜ್ ಡೀಸೆಲ್ ಎಂಜಿನ್. ಎಲ್ಲ ಮಾದರಿಗಳಲ್ಲೂ ಈ ಲೆಕ್ಕ ಪೈಸೆಗೆ ಪೈಸೆ ಕೂಡುವುದಿಲ್ಲ, ಆದರೂ ಅಂದಾಜಿಗೆ ಸಾಕು.

ಆಲ್ಕೋ ಮತ್ತು ಜಿಎಂ: ಎರಡು ಮನೆತನ

ಭಾರತದ ಡೀಸೆಲ್ ಎಂಜಿನ್‌ಗಳಲ್ಲಿ ಮುಖ್ಯವಾಗಿ ಎರಡು ಮನೆತನಗಳು. ಒಂದು ಆಲ್ಕೋ, ಇನ್ನೊಂದು ಜನರಲ್ ಮೋಟಾರ್ಸ್, ಅಂದರೆ ಜಿಎಂ.

1960ರ ದಶಕದ ಆರಂಭದಲ್ಲಿ ರೈಲ್ವೆಯು ಎರಡೂ ಅಮೆರಿಕನ್ ಕಂಪೆನಿಗಳ ಎಂಜಿನ್ ತರಿಸಿ ಓಡಿಸಿ ನೋಡಿತು. ಜಿಎಂನ ಡಬ್ಲ್ಯುಡಿಎಂ-4 ಮಾದರಿಯ 72 ಎಂಜಿನ್‌ಗಳು ಬಂದವು, ಒಳ್ಳೆಯ ಹೆಸರನ್ನೂ ಪಡೆದವು. ಆದರೆ ಎಂಜಿನ್ ತಯಾರಿಸುವ ವಿದ್ಯೆಯನ್ನು ಭಾರತಕ್ಕೆ ಕೊಡಲು ಒಪ್ಪಿದ್ದು ಆಲ್ಕೋ. ಅದರ ಡಬ್ಲ್ಯುಡಿಎಂ-2 ಮಾದರಿಯೇ ಆಯ್ಕೆಯಾಯಿತು. 1964ರ ಜನವರಿಯಲ್ಲಿ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಿಂದ ಮೊದಲ ಎಂಜಿನ್ ಹೊರಬಂತು. ಮುಂದಿನ ಮೂರು ದಶಕಗಳಲ್ಲಿ ಇಂತಹ ಎರಡೂವರೆ ಸಾವಿರಕ್ಕೂ ಹೆಚ್ಚು ಎಂಜಿನ್‌ಗಳು ತಯಾರಾದವು. ವಿದ್ಯೆ ಕೊಟ್ಟ ಆಲ್ಕೋ ಕಂಪೆನಿ 1969ರಲ್ಲೇ ಅಮೆರಿಕದಲ್ಲಿ ಬಾಗಿಲು ಮುಚ್ಚಿತು. ಅದರ ಎಂಜಿನ್‌ಗಳು ಮಾತ್ರ ಭಾರತದಲ್ಲಿ ಇನ್ನೂ ಅರ್ಧ ಶತಮಾನ ದುಡಿದವು.

ಡಬ್ಲ್ಯುಡಿಎಂ-2ರಲ್ಲಿ ಹದಿನಾರು ಸಿಲಿಂಡರ್, 2600 ಅಶ್ವಶಕ್ತಿ, ತೂಕ ಸುಮಾರು 113 ಟನ್. ಡೀಸೆಲ್ ಯಂತ್ರ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸಿ ವಿದ್ಯುತ್ ಉತ್ಪಾದಿಸುತ್ತದೆ, ಆ ವಿದ್ಯುತ್ತಿನಿಂದ ಗಾಲಿಯ ಬಳಿಯ ಮೋಟಾರುಗಳು ತಿರುಗುತ್ತವೆ. ಬಹುತೇಕ ದೊಡ್ಡ ಡೀಸೆಲ್ ಎಂಜಿನ್‌ಗಳ ಗುಟ್ಟು ಇದೇ. ಹೀಗಾಗಿ ಡೀಸೆಲ್ ಎಂಜಿನ್ ಎಂದರೆ ತನ್ನ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುವ ವಿದ್ಯುತ್ ಎಂಜಿನ್ ಎಂದರೂ ತಪ್ಪಿಲ್ಲ.

1995ರಲ್ಲಿ ರೈಲ್ವೆಯು ಮತ್ತೆ ಜಿಎಂ ಬಾಗಿಲಿಗೆ ಹೋಯಿತು. ಈ ಬಾರಿ ತಂತ್ರಜ್ಞಾನವೂ ಸಿಕ್ಕಿತು. 1999ರಲ್ಲಿ ಬಂದ ಡಬ್ಲ್ಯುಡಿಜಿ-4 ಎಂಬ 4000 ಅಶ್ವಶಕ್ತಿಯ ಗೂಡ್ಸ್ ಎಂಜಿನ್‌ಗಳಿಗೆ ಮೊದಲ ಮನೆಯಾದದ್ದು ಹುಬ್ಬಳ್ಳಿಯ ಡೀಸೆಲ್ ಶೆಡ್ಡು. ದೇಶದಲ್ಲೇ ಮೊದಲಿಗೆ ಈ ಹೊಸ ವಿದ್ಯೆಯನ್ನು ಕೈವಶ ಮಾಡಿಕೊಂಡವರು ಹುಬ್ಬಳ್ಳಿಯ ಕಾರ್ಮಿಕರು ಎಂಬುದು ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳಬಹುದಾದ ಸಂಗತಿ.

ಹುಬ್ಬಳ್ಳಿಗೆ ಅದರ ಅಗತ್ಯವೂ ಇತ್ತು. ಲೋಂಡಾದ ಆಚೆ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಘಾಟಿಯಲ್ಲಿ, ದೂಧಸಾಗರದ ಬಳಿ, ಏರಿಳಿತದ ಪ್ರಮಾಣ 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರಸ್ತೆಗೆ ಇದು ಏನೂ ಅಲ್ಲ, ನುಣ್ಣನೆಯ ಉಕ್ಕಿನ ಹಳಿಗೆ ಬಹಳ ಕಡಿದು. ಬಳ್ಳಾರಿ-ಹೊಸಪೇಟೆಯ ಅದಿರು ಮರ್ಮಗೋವಾ ಬಂದರಿಗೆ ಇಳಿಯುವುದೂ, ಬಂದರಿನಿಂದ ಕಲ್ಲಿದ್ದಲು ಮೇಲೇರುವುದೂ ಇದೇ ಘಾಟಿಯಲ್ಲಿ. ಮುಂದೆ ಎಳೆಯಲು ಒಂದಷ್ಟು, ಹಿಂದಿನಿಂದ ತಳ್ಳಲು ಒಂದಷ್ಟು ಎಂಜಿನ್ ಬೇಕಾಗುತ್ತದೆ. ಡಬ್ಲ್ಯುಡಿಎಂ-2 ನಿಂತಲ್ಲಿಂದ ಹೊರಡುವಾಗ ಸುಮಾರು 30 ಟನ್ನಿನಷ್ಟು ಎಳೆಯುವ ಬಲ ಹೊಂದಿದ್ದರೆ ಡಬ್ಲ್ಯುಡಿಜಿ-4ರ ಬಲ 50 ಟನ್ನಿಗೂ ಮಿಗಿಲು. ಅದರ ಎಸಿ ಮೋಟಾರುಗಳಿಂದಾಗಿ ಗಾಲಿ ಜಾರುವುದೂ ಕಡಿಮೆ.

2001ರಲ್ಲಿ ಪ್ರಯಾಣಿಕರ ಗಾಡಿಗಳಿಗಾಗಿ ಡಬ್ಲ್ಯುಡಿಪಿ-4 ಬಂತು. ಇದಕ್ಕೆ ಆರು ಅಚ್ಚುಗಳಿದ್ದರೂ ಮೋಟಾರು ಇದ್ದದ್ದು ನಾಲ್ಕಕ್ಕೆ ಮಾತ್ರ. 24 ಡಬ್ಬಿಗಳ ಭಾರದ ಗಾಡಿಗೆ ಇದು ಸಾಲದೆಂದು ಆರೂ ಅಚ್ಚಿಗೆ ಮೋಟಾರಿರುವ ಡಬ್ಲ್ಯುಡಿಪಿ-4ಬಿ, ಅನಂತರ ಎರಡೂ ತುದಿಯಲ್ಲಿ ಡ್ರೈವರ್ ಕೋಣೆಯಿರುವ, 4500 ಅಶ್ವಶಕ್ತಿಯ ಡಬ್ಲ್ಯುಡಿಪಿ-4ಡಿ ತಯಾರಾದವು.

ಕಣ್ಣಿಗಿಂತ ಮೊದಲು ಕಿವಿಗೆ

ಅಭ್ಯಾಸವಿರುವವರಿಗೆ ಎಂಜಿನ್ ಕಾಣಿಸುವ ಮೊದಲೇ ಅದರ ಮನೆತನ ತಿಳಿದುಬಿಡುತ್ತದೆ. ಆಲ್ಕೋ ಯಂತ್ರ ನಾಲ್ಕು ಸ್ಟ್ರೋಕಿನದು. ನಿಂತಲ್ಲಿ ಅದು ಲಯ ತಪ್ಪಿದ ಮದ್ದಳೆಯಂತೆ ಗುಡುಗುಡು ಎನ್ನುತ್ತದೆ. ಗಾಡಿ ಹೊರಡುವಾಗ ಡ್ರೈವರ್ ಶಕ್ತಿ ಹೆಚ್ಚಿಸಿದೊಡನೆ ಒಳಗೆ ಡೀಸೆಲ್ ಹೆಚ್ಚು ಬೀಳುತ್ತದೆ, ಅದಕ್ಕೆ ಬೇಕಾದ ಗಾಳಿಯನ್ನು ಒದಗಿಸುವ ಟರ್ಬೊ ವೇಗ ಪಡೆಯಲು ತುಸು ತಡವಾಗುತ್ತದೆ. ಅಷ್ಟರಲ್ಲಿ ಸರಿಯಾಗಿ ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಮೇಲೇಳುತ್ತದೆ. ಪುಣೆ ಸ್ಟೇಷನ್ನಿನಲ್ಲಿ ಬಿಳಿ ಪಂಚೆ ಉಟ್ಟು ಮೊದಲ ಡಬ್ಬಿಯ ಕಿಟಕಿಯಲ್ಲಿ ಕುಳಿತವರಿಗೆ ಇದರ ಅನುಭವ ಚೆನ್ನಾಗಿ ಆಗಿರುತ್ತದೆ.

ಜಿಎಂ ಯಂತ್ರ ಎರಡು ಸ್ಟ್ರೋಕಿನದು. ಅದರ ಸದ್ದು ತುಂಡು ತುಂಡಾಗಿರದೆ ಒಂದೇ ಶ್ರುತಿಯ ಗುಂಯ್‌ಗುಡುವಿಕೆ. ಅದರಲ್ಲಿ ಟರ್ಬೊ ನಿಧಾನ ವೇಗದಲ್ಲಿರುವಾಗ ಯಂತ್ರವೇ ಗಿಯರಿನ ಮೂಲಕ ಅದನ್ನು ತಿರುಗಿಸುತ್ತದೆ. ಆದುದರಿಂದ ಹೊರಡುವಾಗ ಹೊಗೆ ಬಹಳ ಕಡಿಮೆ. ಹೊಗೆ ಮತ್ತು ಸದ್ದು, ಇವೆರಡನ್ನು ಗಮನಿಸಿದರೆ ನೂರಕ್ಕೆ ತೊಂಬತ್ತು ಸಲ ತಪ್ಪುವುದಿಲ್ಲ.

ಕಣ್ಣಿಗೂ ಗುರುತುಗಳಿವೆ. ಆಲ್ಕೋದ ಒಂದು ಕಡೆ ಗಿಡ್ಡ ಮೂಗು, ಇನ್ನೊಂದು ಕಡೆ ಉದ್ದ ಮೂಗು, ಡ್ರೈವರ್ ಕೋಣೆ ನಡುವೆ. ಉದ್ದ ಮೂಗು ಮುಂದಾಗಿ ಓಡುವಾಗ ಡ್ರೈವರ್‌ಗೆ ಹಳಿ ಕಾಣುವುದೇ ಕಷ್ಟ, ಪಕ್ಕದ ಕಿರುಗಿಂಡಿಯಿಂದ ಇಣುಕಬೇಕು. ಆಲ್ಕೋದಲ್ಲೇ ಗಿಡ್ಡ ಮೂಗನ್ನು ತಗ್ಗಿಸಿ ದೊಡ್ಡ ಕಿಟಕಿ ಇಟ್ಟ ಕೆಲವೇ ಎಂಜಿನ್‌ಗಳನ್ನು ಜಂಬೋ ಎಂದು ಕರೆಯುತ್ತಿದ್ದರು. ಹವ್ಯಾಸಿಗಳು ಅದಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಜಿಎಂ ಮನೆತನದ ಡಬ್ಲ್ಯುಡಿಜಿ-4 ಉದ್ದದಲ್ಲೂ ಗಾತ್ರದಲ್ಲೂ ದೊಡ್ಡದು. ಅದರ ಹಿಂತುದಿಯಲ್ಲಿ ನೀರು ತಣಿಸುವ ರೇಡಿಯೇಟರ್ ಭಾಗ ಹೊರಕ್ಕೆ ರೆಕ್ಕೆಯಂತೆ ಅಗಲವಾಗಿ ಚಾಚಿಕೊಂಡಿರುತ್ತದೆ. ದೂರದಿಂದಲೇ ಗುರುತಿಸಲು ಅಷ್ಟು ಸಾಕು.

ಐರ್ಲೆಂಡ್‌ನಲ್ಲೂ ಇದೇ ಕಥೆ

ಎಂಜಿನ್ ನೋಡುವ ಹವ್ಯಾಸ ಐರ್ಲೆಂಡ್‌ನಲ್ಲಿ ಬಹಳ ಹಳೆಯದು. ಅಲ್ಲಿನ ಐರಿಷ್ ರೈಲ್ವೆ ರೆಕಾರ್ಡ್ ಸೊಸೈಟಿ 1946ರಿಂದ ರೈಲು ದಾಖಲೆಗಳನ್ನು ಕೂಡಿಡುತ್ತಾ ಬಂದಿದೆ. ಅವರ ಹಳಿಯ ಅಗಲ 1600 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜ್ 1676. ಮೂರೇ ಇಂಚಿನ ವ್ಯತ್ಯಾಸ.

ಎಂಜಿನ್‌ಗಳ ವಿಷಯದಲ್ಲಿ ಎರಡು ದೇಶಗಳ ದಾರಿ ಬೇರೆಯಾದರೂ ಕೊನೆಗೆ ಸೇರಿದ್ದು ಒಂದೇ ಕಡೆ. ಐರ್ಲೆಂಡ್ 1955ರಿಂದ ಬ್ರಿಟನ್ನಿನ ಮೆಟ್ರೊಪಾಲಿಟನ್ ವಿಕರ್ಸ್ ಕಂಪೆನಿಯಿಂದ 60 ದೊಡ್ಡ ಎಂಜಿನ್ ತರಿಸಿತು. ಅವುಗಳ ಒಳಗಿದ್ದ ಕ್ರಾಸ್ಲಿ ಯಂತ್ರಗಳು ಕೈಕೊಡುತ್ತಲೇ ಇದ್ದುದರಿಂದ ಮುಂದೆ ಹೊರಮೈ ಹಾಗೇ ಉಳಿಸಿ ಒಳಗೆ ಜಿಎಂ ಯಂತ್ರ ಕೂರಿಸಬೇಕಾಯಿತು. 1961ರಲ್ಲಿ ಅಮೆರಿಕದಿಂದಲೇ ಜಿಎಂನ 15 ಎಂಜಿನ್ ಬಂದವು. ಅವಕ್ಕೆ ಒಂದೇ ತುದಿಯಲ್ಲಿ ಡ್ರೈವರ್ ಕೋಣೆ. ಅದರ ತೊಂದರೆ ಕಂಡು ಮರುವರ್ಷವೇ ಎರಡೂ ತುದಿಯಲ್ಲಿ ಕೋಣೆಯಿರುವ 37 ಎಂಜಿನ್ ತರಿಸಿದರು. ಐರ್ಲೆಂಡ್ ಒಂದು ವರ್ಷದಲ್ಲಿ ಕಲಿತ ಈ ಪಾಠ ಭಾರತದ ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಜಾರಿಗೆ ಬರಲು ದಶಕಗಳೇ ಹಿಡಿದವು.

1976ರಲ್ಲಿ ಅಲ್ಲಿಗೆ 071 ಮಾಲಿಕೆಯ 18 ಎಂಜಿನ್ ಬಂದವು. 1994-95ರಲ್ಲಿ 201 ಮಾಲಿಕೆಯ 34. ಈ ಮಾಲಿಕೆಯ ಮೊದಲ ಎಂಜಿನ್ ಕೆನಡಾದ ಕಾರ್ಖಾನೆಯಿಂದ ಡಬ್ಲಿನ್‌ಗೆ ಬಂದದ್ದು ಆಂಟೊನೊವ್ ಸರಕು ವಿಮಾನದಲ್ಲಿ! ಈ 201 ಮಾಲಿಕೆಯ ಒಳಗಿರುವುದು ಜಿಎಂನ 710 ಯಂತ್ರ, ಹನ್ನೆರಡು ಸಿಲಿಂಡರ್. ಹುಬ್ಬಳ್ಳಿಯ ಡಬ್ಲ್ಯುಡಿಜಿ-4ರ ಒಳಗಿರುವುದೂ ಅದೇ 710, ಹದಿನಾರು ಸಿಲಿಂಡರ್. ಒಬ್ಬ ತಾಯಿಯ ಮಕ್ಕಳು, ಒಬ್ಬ ಡಬ್ಲಿನ್‌ನಲ್ಲಿ, ಇನ್ನೊಬ್ಬ ಹುಬ್ಬಳ್ಳಿಯಲ್ಲಿ ನೌಕರಿಗಿದ್ದಂತೆ.

ಒಂದು ವ್ಯತ್ಯಾಸ ಗಮನಾರ್ಹ. 071 ಮತ್ತು 201 ಎರಡೂ ಸೇರಿ 52 ಎಂಜಿನ್. ಅಲ್ಲಿನ ಹವ್ಯಾಸಿ ಮನಸ್ಸು ಮಾಡಿದರೆ ಎಲ್ಲವನ್ನೂ ನೋಡಿ ಪಟ್ಟಿ ಪೂರ್ಣಗೊಳಿಸಬಹುದು. ಭಾರತದಲ್ಲಿ ಒಂದು ಜನ್ಮ ಸಾಲದು. ಇನ್ನೊಂದು ಸಂಗತಿ ಹೊರನಾಡ ಕನ್ನಡಿಗರ ಮನಸ್ಸಿಗೆ ತಟ್ಟುವಂಥದು. 201 ಮಾಲಿಕೆಯ ಎಂಜಿನ್‌ಗಳಿಗೆ ಐರ್ಲೆಂಡಿನ ನದಿಗಳ ಹೆಸರಿಟ್ಟು ಇಂಗ್ಲಿಷ್‌ನೊಂದಿಗೆ ಐರಿಷ್ ಭಾಷೆಯಲ್ಲೂ ಬರೆದಿದ್ದಾರೆ. ದಿನನಿತ್ಯ ಐರಿಷ್ ಮಾತಾಡುವವರು ಆ ದೇಶದಲ್ಲೇ ಅಲ್ಪಸಂಖ್ಯಾತರು, ಆದರೂ ಎಂಜಿನ್ನಿನ ಮೈಮೇಲೆ ಭಾಷೆ ಉಳಿದಿದೆ. ದಾದರ್‌ನಲ್ಲಿ, ಪುಣೆಯಲ್ಲಿ ಶರಾವತಿ, ಚಾಲುಕ್ಯ ಎಂಬ ಹೆಸರುಗಳು ಧ್ವನಿವರ್ಧಕದಲ್ಲಿ ಕೇಳಿಬಂದಾಗ ಆಗುವ ಸಂತೋಷವೂ ಅದೇ ಬಗೆಯದು.

ಕಾತ್ರಜದಿಂದ ಎಲ್ಲಿಗೆ ಹೋಗಬೇಕು?

ಮಿರಜ್ ಮಾರ್ಗ ಕಾತ್ರಜದ ಪೂರ್ವಕ್ಕೆ ಹಾದುಹೋಗುತ್ತದೆ. ಘೋರ್ಪಡಿ ಬಿಟ್ಟ ಮೇಲೆ ಸಾಸವಡ್ ರೋಡ್, ಫುರಸುಂಗಿ, ಆಳಂದಿ ದಾಟಿ ಶಿಂದವಣೆ ಘಾಟಿ ಹತ್ತಿ ಜೇಜುರಿ ಸೇರುತ್ತದೆ. ಕಾತ್ರಜ-ಕೊಂಢವಾ ರಸ್ತೆ ಹಿಡಿದು ಹಡಪಸರದ ಕಡೆಗೆ ಹೋದರೆ ಸಾಸವಡ್ ರೋಡ್ ನಿಲ್ದಾಣ ತಲುಪಬಹುದು. ಜೇಜುರಿಯ ಖಂಡೋಬಾ ಎಂದರೆ ಕನ್ನಡಿಗರ ಮೈಲಾರಲಿಂಗ. ದೇವರ ದರ್ಶನಕ್ಕೆ ಪ್ಯಾಸೆಂಜರ್ ಗಾಡಿಯಲ್ಲಿ ಹೋದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ಕೋಥ್ರೂಡ್‌ನಲ್ಲಿರುವ ಜೋಶಿಯವರ ಕಿರು ರೈಲ್ವೆ ಮ್ಯೂಸಿಯಂ 1998ರಲ್ಲಿ ಆರಂಭವಾದದ್ದು. ಪುಟ್ಟ ಹಳಿಗಳ ಮೇಲೆ ಬಗೆಬಗೆಯ ಗಾಡಿಗಳು ಓಡುವ ಅಲ್ಲಿ ಮಕ್ಕಳಿಗೆ ಮೊದಲ ಪಾಠ ಮಾಡಬಹುದು.

ಒಂದು ಎಚ್ಚರಿಕೆ ಅಗತ್ಯ. ಹಳಿ ದಾಟುವುದು, ಹಳಿಯ ಬದಿಯಲ್ಲಿ ನಿಂತು ಮೊಬೈಲ್‌ನಲ್ಲಿ ಚಿತ್ರ ತೆಗೆಯುವುದು ಪ್ರಾಣಕ್ಕೇ ಅಪಾಯ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಕ್ರಮ ಪ್ರವೇಶ ಶಿಕ್ಷಾರ್ಹ ಕೂಡ. ವಿದ್ಯುತ್ ಎಂಜಿನ್‌ಗೆ ಹೊಗೆಯಿಲ್ಲ, ಹತ್ತಿರ ಬರುವವರೆಗೆ ಸದ್ದೂ ಇಲ್ಲ. ಡೀಸೆಲ್ ಸದ್ದಿಗೆ ಒಗ್ಗಿದ ಹಿರಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹಿಂದೆ ಅಥವಾ ಮೇಲ್ಸೇತುವೆಯ ಮೇಲೆ ನಿಂತು ನೋಡುವುದೇ ಸರಿ. ಶೆಡ್ಡು ನೋಡಬೇಕಾದರೆ ಸಂಸ್ಥೆಯ ಮೂಲಕ ಮುಂಗಡ ಅನುಮತಿ ಕೇಳುವುದು ಕ್ರಮ.

ಗುಜರಿಗೆ ಹೋಗುವ ಮುನ್ನ

ಬದಲಾವಣೆ ಬೇಡವೆಂದು ಯಾರೂ ಹೇಳಲಾರರು. ವಿದ್ಯುತ್ತಿನಿಂದ ಖರ್ಚು ಕಡಿಮೆ, ಹೊಗೆಯಿಲ್ಲ, ಹೊರದೇಶದ ಎಣ್ಣೆಯ ಮೇಲಿನ ಅವಲಂಬನೆಯೂ ಇಳಿಯುತ್ತದೆ. ದೇಶದ ಬ್ರಾಡ್‌ಗೇಜ್ ಜಾಲದ ಬಹುತೇಕ ಭಾಗಕ್ಕೆ ಈಗ ತಂತಿ ಬಂದಿದೆ. 1998ರಿಂದ ಡೀಸೆಲ್ ಎಂಜಿನ್‌ಗಳೇ ದುಡಿದ ಕೊಂಕಣ ರೈಲ್ವೆಯ ವಿದ್ಯುದೀಕರಣ 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡಿತು. ವಾರಾಣಸಿಯ ಕಾರ್ಖಾನೆಯ ಹೆಸರಿನಿಂದಲೇ ಡೀಸೆಲ್ ಪದ 2020ರಲ್ಲಿ ಹೋಗಿ ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯಿತು. ಎರಡು ಹಳೆಯ ಆಲ್ಕೋ ಗೂಡ್ಸ್ ಎಂಜಿನ್‌ಗಳನ್ನು ಅಲ್ಲೇ ಮಾರ್ಪಡಿಸಿ ಮಾಡಿದ 10,000 ಅಶ್ವಶಕ್ತಿಯ ಜೋಡಿ ವಿದ್ಯುತ್ ಎಂಜಿನ್‌ಗೆ 2019ರ ಫೆಬ್ರವರಿಯಲ್ಲಿ ಪ್ರಧಾನಿ ಹಸಿರು ನಿಶಾನೆ ತೋರಿದ್ದರು. ಹುಬ್ಬಳ್ಳಿ, ಕೃಷ್ಣರಾಜಪುರಂ ಡೀಸೆಲ್ ಶೆಡ್ಡುಗಳಲ್ಲಿ ವಿದ್ಯುತ್ ಎಂಜಿನ್‌ಗಳ ಆರೈಕೆಯೂ ಆರಂಭವಾಗಿದೆ.

ಆದರೆ ಖಾತೆ ಮುಚ್ಚುವ ಮುನ್ನ ಲೆಡ್ಜರ್ ಬರೆದು ಮುಗಿಸುವುದು ಪದ್ಧತಿ. ಕಬ್ಬಿಣ ಗುಜರಿಗೆ ಹೋದರೆ ಹೋಗಲಿ, ಅದರ ಹಿಂದೆ ಕುಳಿತು ಬಂದವರ ಅನುಭವ ಗುಜರಿಗೆ ಹೋಗಬಾರದು. ಮಿರಜ್‌ನಲ್ಲಿ ಗಾಡಿ ಬದಲಿಸಿದವರು, ಶೇಡಬಾಳ, ಉಗಾರ ಖುರ್ದದ ನಿಲ್ದಾಣ ಫಲಕದಲ್ಲಿ ಮೊದಲ ಕನ್ನಡ ಅಕ್ಷರ ಕಂಡು ಮಕ್ಕಳನ್ನು ಎಬ್ಬಿಸಿದವರು, ಘಟಪ್ರಭಾದಲ್ಲಿ ಕುಡಿಯುವ ನೀರು ತುಂಬಿಸಿಕೊಂಡವರು ಇಂದು ಎಪ್ಪತ್ತು ದಾಟಿದ್ದಾರೆ. ಇವರ ನೆನಪುಗಳನ್ನು ಬರೆದಿಡುವ ಕೆಲಸವನ್ನು ಸರಕಾರವಾಗಲಿ ರೈಲ್ವೆಯಾಗಲಿ ಮಾಡಲಾರದು. ಅದು ಕನ್ನಡ ಸಂಘಗಳು ಮಾತ್ರ ಮಾಡಬಹುದಾದ ಕೆಲಸ.

ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಒಂದು ನೂರು ಪುಟದ ನೋಟುಬುಕ್ಕು ಸಾಕು. ಎಡಗಡೆ ಹಿರಿಯರು ಹೇಳಿದ ಪ್ರಯಾಣದ ವರ್ಷ, ಗಾಡಿ, ಊರು, ಕಾರಣ. ಬಲಗಡೆ ಮಕ್ಕಳು ಇಂದು ನೋಡಿ ಬಂದ ಎಂಜಿನ್ನಿನ ಸಂಖ್ಯೆ, ಮಾದರಿ, ಶೆಡ್ಡು, ದಿನಾಂಕ. ಎಲ್ಲವೂ ಕನ್ನಡದಲ್ಲಿ. ಇಂಗ್ಲಿಷ್ ಇಲ್ಲವೇ ಮರಾಠಿ ಮಾಧ್ಯಮದಲ್ಲಿ ಓದುವ ಮೊಮ್ಮಕ್ಕಳಿಗೆ ಕನ್ನಡ ಬರೆಯಲು ಇದಕ್ಕಿಂತ ಉತ್ತಮ ನೆಪ ಬೇರೆ ಸಿಗದು. ಹಳೆಯ ಟಿಕೇಟು, ರಿಸರ್ವೇಷನ್ ಚೀಟಿ, ಸ್ಟೇಷನ್ನಿನಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೋಗಳಿದ್ದರೆ ಅವನ್ನೂ ಅಂಟಿಸಬಹುದು. ವಾರ್ಷಿಕ ಪ್ರವಾಸಕ್ಕೆ ಎಲ್ಲಿಗೆ ಹೋಗುವುದೆಂದು ಚರ್ಚಿಸುವ ಸಂಘಗಳು 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ ಅನ್ನು, 1979ರಿಂದ ಇರುವ ಮೈಸೂರಿನ ರೈಲ್ವೆ ಮ್ಯೂಸಿಯಂ ಅನ್ನು ಪಟ್ಟಿಯಲ್ಲಿ ಸೇರಿಸಿಕೊಳ್ಳಬಹುದು.

ರಾಜ್ಯೋತ್ಸವದ ದಿನ ಅಂತಹ ನಾಲ್ಕಾರು ಪುಸ್ತಕಗಳು ಸಂಘದ ಮೇಜಿನ ಮೇಲೆ ಬಂದರೆ, ಪುಣೆ ಕನ್ನಡಿಗರು ಊರಿಗೂ ಹೊಟ್ಟೆಪಾಡಿಗೂ ನಡುವೆ ಓಡಾಡಿದ ಕಾಲದ ಒಂದು ನಂಬಲರ್ಹ ದಾಖಲೆ ಸಿದ್ಧವಾದಂತೆ. ಅದನ್ನು ಬರೆಯಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಭಾನುವಾರವೇ ಅವರ ಮನೆಗೆ ಹೋಗಿ ಕೇಳುವುದು ಲೇಸು.